ತೇಪೆ ಹಾಕೋದಾ, ಹೊಸದು ತರೋದಾ?

ತುಂಬಾ ದಿನದಿಂದ ಬರೀಬೇಕು ಅಂದುಕೊಂಡು ಮುಂದೂಡುತ್ತಲೇ ಬಂದ ಕತೆ ಇದು. ಕತೆ ಅನ್ನುವುದಕ್ಕಿಂತ ಒಂದು ನೀರು ಕಾಯಿಸುವ ಡಬ್ಬಿಯ ನೆಪದಲ್ಲಿ ಓದಿಕೊಂಡ ಒಂದಿಷ್ಟು ಇತಿಹಾಸ ಅನ್ನಿ.

2018ರ ಏಪ್ರಿಲ್‌ನಲ್ಲಿ ಅಪ್ಪ ನಮ್ಮ ಮನೆಗೆ ಬಂದಿದ್ದರು. ನಾವಿರುವುದು ಸೇಂಟ್ ಲೂಯಿಸ್‌ನಲ್ಲಿ, ಮಿಸಿಸಿಪ್ಪಿ ನದಿ ದಂಡೆಯ ಊರು. ಅದಕ್ಕೆ ಹಿಂದಿನ ಚಳಿಗಾಲದಲ್ಲಿ ನಾನೊಂದು ಹಳೇ ಟ್ರೈಲರ್ ಕೊಂಡಿದ್ದೆ. ನೋಡದವರಿಗೆ ಹೇಳುವುದಾದರೆ, ವ್ಯಾನಿನ ಹಿಂದೆ ಕಟ್ಟಿಕೊಂಡು ಎಳೆದೊಯ್ಯುವ ಪುಟ್ಟ ಮನೆ. ಒಳಗೆ ಮಂಚ, ಒಲೆ, ಫ್ರಿಜ್ಜು, ಒಬ್ಬರು ನಿಂತರೆ ಮೊಣಕೈ ಗೋಡೆಗೆ ತಾಗುವ ಬಚ್ಚಲು, ಎಲ್ಲಾ ಇರುತ್ತೆ. ಅಪ್ಪನನ್ನು ಕೂರಿಸಿಕೊಂಡು ನದಿಯ ಜೊತೆಜೊತೆಗೇ ನ್ಯೂ ಆರ್ಲಿಯನ್ಸ್ ತನಕ ಹೋಗಿಬರೋಣ ಅಂತ ಪ್ಲಾನು. ಐ-55 ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಇಳಿದು ಮೊದಲ ರಾತ್ರಿ ಅರ್ಕನ್ಸಾ ರಾಜ್ಯದ ಮೇರಿಯನ್ ಎಂಬ ಸಣ್ಣ ಊರಿನ ಹತ್ತಿರ ತಂಗಿದೆವು. ನದಿಯ ಆಚೆ ದಡದಲ್ಲಿ ಮೆಂಫಿಸ್.

ಬೆಳಿಗ್ಗೆ ಬಚ್ಚಲಿಂದ ಅಪ್ಪನ ದನಿ.

"ಲೇ ಮಗಾ, ನೀರು ಕಾದೇ ಇಲ್ವಲ್ಲೋ!"

ನಮ್ಮಪ್ಪ ಊಟ ಬಿಟ್ಟಾರು, ಬಿಸಿನೀರು ಸ್ನಾನ ಬಿಡುವವರಲ್ಲ. ಮಂಡ್ಯದ ಮೈಷುಗರ್‌ನಲ್ಲಿ ಬಾಯ್ಲರ್ ಮುಂದೆಯೇ ಇಡೀ ಸರ್ವೀಸು ಕಳೆದವರು. ಬಿಸಿ ಅವರಿಗೆ ಅಭ್ಯಾಸ. :)

ಟ್ರೈಲರಿನ ನೀರು ಕಾಯಿಸುವ ಯಂತ್ರ ಇರುವುದು ಹೊರಗಡೆ ಗೋಡೆಯಲ್ಲಿ, ಒಂದು ತಗಡಿನ ಬಾಗಿಲ ಹಿಂದೆ. 6 ಗ್ಯಾಲನ್, ಅಂದರೆ ಸುಮಾರು 23 ಲೀಟರ್ ಹಿಡಿಯುವ ಉಕ್ಕಿನ ಡಬ್ಬಿ, ಅಡ್ಡಡ್ಡಕ್ಕೆ ಮಲಗಿರುತ್ತೆ. ಅದರ ಹೊಟ್ಟೆಯೊಳಗೆ ಬಾಗಿದ ಕೊಳವೆ. ಒಂದು ತುದಿಯಲ್ಲಿ ಗ್ಯಾಸಿನ ಉರಿ, ಇನ್ನೊಂದು ತುದಿಯಲ್ಲಿ ಹೊಗೆ ಹೊರಕ್ಕೆ. ನಮ್ಮೂರಿನ ತಾಮ್ರದ ಬಾಯ್ಲರ್ ನೆನಪಿದೆಯಾ? ನಡುವೆ ಕೆಂಡದ ಕೊಳವೆ, ಸುತ್ತ ನೀರು. ಅದೇ ಉಪಾಯ. ವ್ಯತ್ಯಾಸ ಒಂದೇ: ನಮ್ಮದಕ್ಕೆ ಮೇಲೆ ನೀರು ಸುರಿಯುವ ಬಾಯಿ ತೆರೆದಿರುತ್ತೆ, ಇದು ನಾಲ್ಕೂ ಕಡೆ ಮುಚ್ಚಿದ ಡಬ್ಬಿ.

ಬಾಗಿಲು ತೆಗೆದರೆ ಒಳಗೆಲ್ಲಾ ತುಕ್ಕು. ಡಬ್ಬಿಯ ತಳದಿಂದ ನೀರು ತೊಟ್ಟಿಕ್ಕಿ ಬರ್ನರ್ ಮೇಲೆ ಬಿದ್ದು ಉರಿ ಹತ್ತುತ್ತಿರಲಿಲ್ಲ. ಹಿಂದಿನ ಮಾಲೀಕ ಬೂದುಬಣ್ಣದ ಅಂಟು ಮೆತ್ತಿ ತೂತು ಮುಚ್ಚಿದ್ದ ಗುರುತು ಕಾಣುತ್ತಿತ್ತು. ಅಂಟು ಬಿಟ್ಟುಕೊಂಡಿತ್ತು, ಅಷ್ಟೇ. ನಾನು ಮತ್ತೆ ಅದೇ ಅಂಟು ತಂದರಾಯಿತು ಅಂದುಕೊಳ್ಳುತ್ತಿದ್ದೆ. ಅಪ್ಪ ಮಾತ್ರ ತೂತಿನ ಕಡೆ ನೋಡುತ್ತಲೇ ಇರಲಿಲ್ಲ. ಅವರ ಬೆರಳು ಮೇಲಿದ್ದ ಹಿತ್ತಾಳೆಯ ವಾಲ್ವಿನ ಮೇಲಿತ್ತು.

"ಇದ್ಯಾವನ್ಲಾ ಇಲ್ಲಿ ಬಿರಡೆ ಜಡ್ದಿರೋನು?"

ಅದು ಸೇಫ್ಟಿ ವಾಲ್ವು. ಅದರಿಂದ ನೀರು ಹೊರಬೀಳುವ ಬಾಯಿಗೆ ಯಾರೋ ಒಂದು ಬಿರಡೆ ತಿರುಗಿಸಿ ಬಿಗಿಮಾಡಿದ್ದರು. ನಾನು ಟ್ರೈಲರ್ ಕೊಂಡಾಗಿನಿಂದ ಅದು ಹಾಗೇ ಇತ್ತು. ಮಕ್ಕಳು ಆ ಗೋಡೆಗೇ ಕುರ್ಚಿ ಒರಗಿಸಿಕೊಂಡು ಕೂರುತ್ತಿದ್ದರು.

ಆ ಬಿರಡೆಯಿಂದ ಏನಾಗಬಹುದಿತ್ತು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಡುಗೆಮನೆಯ ಕುಕ್ಕರಿನ ವೆಯ್ಟು ಎದ್ದು ಕೂಗುವುದು ಚದರ ಅಂಗುಲಕ್ಕೆ ಸುಮಾರು 15 ಪೌಂಡ್ ಒತ್ತಡದಲ್ಲಿ. ಈ ವಾಲ್ವು ತೆರೆದುಕೊಳ್ಳುವುದು 150 ಪೌಂಡಿಗೆ, ಇಲ್ಲವೇ ನೀರಿನ ಬಿಸಿ ಸುಮಾರು 99 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ. ಸಾಮಾನ್ಯವಾಗಿ 60 ಡಿಗ್ರಿಗೇ ಥರ್ಮೋಸ್ಟಾಟ್ ಗ್ಯಾಸು ನಿಲ್ಲಿಸುತ್ತೆ. ಅದು ಕೈಕೊಟ್ಟರೆ ಸುಮಾರು 82 ಡಿಗ್ರಿಗೆ ನಿಲ್ಲಿಸಲು ಇನ್ನೊಂದು ಸ್ವಿಚ್ಚಿದೆ. ಅದೂ ಕೈಕೊಟ್ಟರೆ ಉಳಿಯುವುದು ಈ ವಾಲ್ವೊಂದೇ. ಇದಕ್ಕೂ ಬಿರಡೆ ಬಿದ್ದರೆ ನೀರು 100 ಡಿಗ್ರಿ ದಾಟಿದರೂ ಒತ್ತಡದಿಂದಾಗಿ ಕುದಿಯದೆ ನೀರಾಗಿಯೇ ಕುಳಿತಿರುತ್ತೆ. ಡಬ್ಬಿ ಒಡೆದ ಕ್ಷಣ ಅದರಲ್ಲೊಂದು ಪಾಲು ಒಮ್ಮೆಗೇ ಆವಿಯಾಗುತ್ತೆ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 1,600 ಲೀಟರಿನಷ್ಟು ಜಾಗ ಕೇಳುತ್ತೆ.

ಈ ವಾಲ್ವಿನ ಕತೆ ಹಳೆಯದು. ಫ್ರಾನ್ಸಿನ ಡೆನಿ ಪಾಪ್ಯಾಂ ಎಂಬಾತ 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯವರ ಮುಂದೆ ಮೂಳೆ ಬೇಯಿಸಿ ಮೆತ್ತಗೆ ಮಾಡುವ ಒಂದು ಮುಚ್ಚಿದ ಪಾತ್ರೆ ತಂದಿಟ್ಟ. ಇವತ್ತಿನ ಕುಕ್ಕರಿನ ಮುತ್ತಾತ ಅದೇ. ಅಂಥ ಪಾತ್ರೆ ಸಿಡಿಯದಂತೆ ತಡೆಯಲು ಅವನು ಮಾಡಿದ ಉಪಾಯ ಒಂದು ಸನ್ನೆಕೋಲು, ಅದರ ತುದಿಗೊಂದು ತೂಕದ ಕಲ್ಲು. ಒಳಗಿನ ಒತ್ತಡ ಹೆಚ್ಚಿದರೆ ತೂಕ ಮೇಲೆದ್ದು ಆವಿ ಹೊರಗೆ. ಮುಂದೆ ಬಂದ ಉಗಿಯಂತ್ರಗಳೆಲ್ಲಾ ಇದನ್ನೇ ಎತ್ತಿಕೊಂಡವು. ಆ ಕೋಲಿಗೆ ಇನ್ನೊಂದು ಕಲ್ಲು ನೇತುಹಾಕಿ ಜಾಸ್ತಿ ಒತ್ತಡ ತೆಗೆಯುವ ಕಳ್ಳಬುದ್ಧಿಯೂ ಜೊತೆಗೇ ಬಂತು. ನಮ್ಮ ಟ್ರೈಲರಿನ ಹಿಂದಿನ ಮಾಲೀಕ ಆ ವಂಶದವನು ಅಂತ ನಾನು ಬೈದುಕೊಂಡೆ.

ಆಮೇಲೆ ತಿಳಿಯಿತು, ಪಾಪ, ಅವನಿಗೆ ಕಳ್ಳಬುದ್ಧಿ ಇದ್ದಿರಲಿಕ್ಕಿಲ್ಲ, ತಲೆನೋವು ಇದ್ದಿರಬೇಕು. ಈ ಡಬ್ಬಿಗಳ ಮೇಲ್ಭಾಗದಲ್ಲಿ ಸ್ವಲ್ಪ ಗಾಳಿ ನಿಂತಿರಬೇಕು. ನೀರು ಕಾದು ಹಿಗ್ಗಿದಾಗ ಆ ಗಾಳಿ ಒತ್ತಿಕೊಂಡು ಜಾಗ ಕೊಡುತ್ತೆ. ದಿನ ಕಳೆದಂತೆ ಗಾಳಿ ನೀರಲ್ಲಿ ಕರಗಿಹೋಗುತ್ತೆ. ಆಗ ಹಿಗ್ಗಿದ ನೀರಿಗೆ ಬೇರೆ ದಾರಿಯಿಲ್ಲದೆ ವಾಲ್ವು ತೊಟ್ಟಿಕ್ಕಲು ಶುರು. ನೋಡಿದವರಿಗೆ ವಾಲ್ವೇ ಕೆಟ್ಟಿದೆ ಅನಿಸುತ್ತೆ. ಮದ್ದು ಬಹಳ ಸುಲಭ: ಹೀಟರ್ ಆರಿಸಿ, ನೀರು ಪೂರಾ ತಣ್ಣಗಾಗಲು ಬಿಟ್ಟು, ಒಳಬರುವ ನೀರು ನಿಲ್ಲಿಸಿ, ಬಿಸಿನೀರಿನ ನಲ್ಲಿಯೊಂದನ್ನು ತೆರೆದು, ವಾಲ್ವಿನ ಹಿಡಿ ಎತ್ತಿ ನೀರು ಹರಿದು ನಿಲ್ಲುವ ತನಕ ಕಾದು, ಮುಚ್ಚುವುದು. ಮೇಲೆ ಮತ್ತೆ ಗಾಳಿ ತುಂಬಿಕೊಳ್ಳುತ್ತೆ. ಹತ್ತು ಪೈಸೆ ಖರ್ಚಿಲ್ಲ. ಆ ಪುಣ್ಯಾತ್ಮ ಅಂಗಡಿಯಿಂದ ಬಿರಡೆ ತಂದ.

ಹತ್ತಿರದ ವರ್ಕ್‌ಶಾಪಿನವನನ್ನು ಕರೆಸಿದೆ. ಅವನು ಎರಡು ದಾರಿ ಹೇಳಿದ. ಡಬ್ಬಿ ಬಿಚ್ಚಿಕೊಂಡು ಹೋಗಿ ತೂತಿಗೆ ವೆಲ್ಡಿಂಗ್ ತೇಪೆ ಹಾಕಿದರೆ ಸಂಜೆಗೆ ರೆಡಿ, ನೂರು ಡಾಲರ್ ಒಳಗೆ. ಹೊಸದೇ ಬೇಕೆಂದರೆ ತರಿಸಬೇಕು, ನಾಲ್ಕು ದಿನ, ಖರ್ಚು ಆರೇಳು ಪಟ್ಟು. ನನಗಿದ್ದದ್ದು ಹತ್ತು ದಿನದ ರಜೆ. ನ್ಯೂ ಆರ್ಲಿಯನ್ಸ್‌ನಲ್ಲಿ ಮುಂಗಡ ಕಟ್ಟಿಯಾಗಿತ್ತು. ಬಿರಡೆಯನ್ನಂತೂ ತೆಗೆಯುತ್ತೇನಲ್ಲ, ತೇಪೆ ಸಾಕು ಅಂತ ನನ್ನ ಲೆಕ್ಕ. "ಸಂಜೆ ಹೇಳ್ತೀನಿ" ಅಂತ ಅವನನ್ನು ಕಳಿಸಿದೆ. ಅಪ್ಪ ಏನೂ ಅನ್ನಲಿಲ್ಲ. ಬೇರೆಯವರ ದುಡ್ಡಿನ ವಿಷಯದಲ್ಲಿ, ಮಗನದೇ ಆದರೂ, ಅವರು ಬಾಯಿ ಹಾಕುವವರಲ್ಲ.

ಮಧ್ಯಾಹ್ನ ಮಾಡಲು ಬೇರೆ ಕೆಲಸವಿಲ್ಲದೆ ಮೇರಿಯನ್ ಊರೊಳಗೆ ಹೋದೆವು. ಅಲ್ಲೊಂದು ಪುಟ್ಟ ಮ್ಯೂಸಿಯಂ, 2015ರಲ್ಲಿ ತೆರೆದದ್ದು. ಸುಲ್ತಾನಾ ಎಂಬ ಹಡಗಿನದು. ಹೆಸರು ನೋಡಿ ಅಪ್ಪನಿಗೆ ಕುತೂಹಲ, "ಇದೇನು ನಮ್ಮೋರ ಹೆಸರಿದ್ದಂಗೈತೆ" ಅಂತ. ಹಾಗೆ ಒಳಗೆ ಹೋದದ್ದು.

ಸುಲ್ತಾನಾ 1863ರಲ್ಲಿ ಸಿನ್ಸಿನಾಟಿಯಲ್ಲಿ ಕಟ್ಟಿದ ಉಗಿಹಡಗು. ಮರದ ಹಡಗು, ಎರಡೂ ಪಕ್ಕದಲ್ಲಿ ದೊಡ್ಡ ಚಕ್ರಗಳು, ನಾಲ್ಕು ಬಾಯ್ಲರ್. ಅದಕ್ಕೆ ಕಾನೂನು ಪ್ರಕಾರ ಹತ್ತಿಸಿಕೊಳ್ಳಲು ಅನುಮತಿ ಇದ್ದದ್ದು 376 ಜನರನ್ನು. 1865ರ ಏಪ್ರಿಲ್ ಬಂದಾಗ ಅಮೆರಿಕದ ಅಂತರ್ಯುದ್ಧ ಮುಗಿಯುತ್ತಾ ಬಂದಿತ್ತು. ದಕ್ಷಿಣದವರ ಕಹಾಬಾ, ಆಂಡರ್ಸನ್‌ವಿಲ್ ಸೆರೆಶಿಬಿರಗಳಲ್ಲಿ ಮೂಳೆಚಕ್ಕಳವಾಗಿದ್ದ ಉತ್ತರದ ಸೈನಿಕರು ಬಿಡುಗಡೆಯಾಗಿ ಮಿಸಿಸಿಪ್ಪಿ ದಂಡೆಯ ವಿಕ್ಸ್‌ಬರ್ಗ್‌ನಲ್ಲಿ ಊರಿಗೆ ಹೋಗಲು ಕಾಯುತ್ತಿದ್ದರು. ಅವರನ್ನು ಒಯ್ಯುವ ಹಡಗಿಗೆ ಸರ್ಕಾರ ತಲೆಗಿಷ್ಟು ಅಂತ ದುಡ್ಡು ಕೊಡುತ್ತಿತ್ತು. ಕ್ಯಾಪ್ಟನ್ ಮೇಸನ್‌ಗೆ ಕೈಬಿಡಲಾಗದ ಬಾಡಿಗೆ.

ಆದರೆ ವಿಕ್ಸ್‌ಬರ್ಗ್ ಮುಟ್ಟುವಾಗಲೇ ಒಂದು ಬಾಯ್ಲರ್ ಸೋರುತ್ತಿತ್ತು, ತಗಡು ಉಬ್ಬಿತ್ತು. ನೋಡಲು ಬಂದ ಬಾಯ್ಲರ್ ಕೆಲಸದವನು ಕೆಟ್ಟ ಭಾಗ ಕತ್ತರಿಸಿ ಸರಿಯಾಗಿ ರಿಪೇರಿ ಮಾಡಬೇಕು ಅಂದ. ಅದಕ್ಕೆ ದಿನಗಳು ಬೇಕು. ಅಷ್ಟರಲ್ಲಿ ಸೈನಿಕರು ಬೇರೆ ಹಡಗು ಹತ್ತಿಬಿಡುತ್ತಾರೆ. ಕ್ಯಾಪ್ಟನ್ ಅವನನ್ನು ಒಪ್ಪಿಸಿ ಸದ್ಯಕ್ಕೊಂದು ತೇಪೆ ಹಾಕಿಸಿಕೊಂಡ.

ನಾನು ಇದನ್ನೆಲ್ಲಾ ಓದಿ ಅಪ್ಪನಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಇಲ್ಲಿಗೆ ಬಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

"ತೇಪೆ ತಗಡು ಎಷ್ಟು ದಪ್ಪವಂತೆ?"

ಬಾಯ್ಲರಿನ ಮೂಲ ತಗಡು ಸುಮಾರು 9 ಮಿಲಿಮೀಟರ್. ತೇಪೆ ಕಾಲು ಅಂಗುಲ, ಅಂದರೆ 6 ಮಿಲಿಮೀಟರ್ ಚಿಲ್ಲರೆ. ಅಪ್ಪ ತಲೆ ಆಡಿಸಿದರು. ಮುಂದಿನದು ಅವರಿಗೆ ಗೊತ್ತಾಗಿಹೋಗಿತ್ತು ಅನಿಸುತ್ತೆ.

376 ಜನರ ಹಡಗಿಗೆ 2,100ಕ್ಕೂ ಹೆಚ್ಚು ಜನ ಹತ್ತಿದರು. ವಸಂತದ ಹಿಮ ಕರಗಿ ನದಿ ದಡ ಮೀರಿ ಹರಿಯುತ್ತಿತ್ತು. ಆ ಹರಿವಿಗೆ ಎದುರಾಗಿ ತುಂಬಿದ ಹಡಗು ಏದುಸಿರು ಬಿಡುತ್ತಾ ಉತ್ತರಕ್ಕೆ ಸಾಗಿತು. ಏಪ್ರಿಲ್ 27ರ ಬೆಳಗಿನ ಜಾವ ಸುಮಾರು 2 ಗಂಟೆಗೆ, ಮೆಂಫಿಸ್ ದಾಟಿ ಏಳು ಮೈಲಿ ಹೋಗುವಷ್ಟರಲ್ಲಿ ಮೊದಲು ಒಂದು ಬಾಯ್ಲರ್, ಹಿಂದೆಯೇ ಇನ್ನೆರಡು ಸಿಡಿದವು. ಉಗಿಯಲ್ಲಿ ಬೆಂದವರು, ಬೆಂಕಿಯಲ್ಲಿ ಸುಟ್ಟವರು, ಹಿಮದಂಥ ನೀರಿಗೆ ಹಾರಿ ಮುಳುಗಿದವರು. ಸತ್ತವರು 1,100ಕ್ಕೂ ಹೆಚ್ಚು. ಇನ್ನೂ ಜಾಸ್ತಿ ಲೆಕ್ಕ ಹೇಳುವವರೂ ಇದ್ದಾರೆ. ನೂರಾರು ಮೈಲಿ ದೂರದ ಜೈಲಲ್ಲಿ ಬದುಕುಳಿದು ಮನೆಗೆ ಹೊರಟಿದ್ದವರು ಅವರು.

ಅಮೆರಿಕದ ಹಡಗು ದುರಂತಗಳಲ್ಲೇ ದೊಡ್ಡದು ಅಂತ ಇದನ್ನು ಹೇಳುತ್ತಾರೆ, ಆದರೂ ಟೈಟಾನಿಕ್ ಗೊತ್ತಿದ್ದ ನನಗೆ ಇದರ ಹೆಸರೇ ಗೊತ್ತಿರಲಿಲ್ಲ. ಲಿಂಕನ್ ಸತ್ತು ಆಗಿನ್ನೂ ಹನ್ನೆರಡು ದಿನ. ಅವನನ್ನು ಕೊಂದ ಬೂತ್ ಸಿಕ್ಕಿ ಸತ್ತದ್ದು ಹಿಂದಿನ ದಿನವಷ್ಟೇ. ಪತ್ರಿಕೆಗಳಲ್ಲಿ ಇದಕ್ಕೆ ಹೆಚ್ಚು ಜಾಗ ಸಿಗಲಿಲ್ಲ. ಕೊನೆಗೆ ಯಾರಿಗೂ ಶಿಕ್ಷೆಯೂ ಆಗಲಿಲ್ಲ. ಒಬ್ಬ ಅಧಿಕಾರಿಯ ಮೇಲೆ ಬಂದ ತೀರ್ಪನ್ನೂ ಆಮೇಲೆ ತಳ್ಳಿಹಾಕಿದರು. ಆಮೇಲೆ ನದಿಯೇ ಪಾತ್ರ ಬದಲಿಸಿತು. ಹಡಗಿನ ಅವಶೇಷ ಎಂದು ನಂಬಲಾದ ಮರದ ತುಂಡುಗಳು 1982ರಲ್ಲಿ ಸಿಕ್ಕಿದ್ದು ಅರ್ಕನ್ಸಾದ ಒಂದು ಸೋಯಾ ಹೊಲದ ಅಡಿಯಲ್ಲಿ.

ತೇಪೆಯೊಂದೇ ಕಾರಣ ಅಂತ ಹೇಳಿದರೆ ತಪ್ಪಾದೀತು. ಬಾಯ್ಲರಿನ ಒಳಗೆ ಒತ್ತೊತ್ತಾಗಿ ಇದ್ದ ಕೊಳವೆಗಳ ನಡುವೆ ಮಿಸಿಸಿಪ್ಪಿಯ ಕೆಸರು ಕಟ್ಟಿಕೊಂಡು ತಗಡು ಅತಿಯಾಗಿ ಕಾಯುತ್ತಿತ್ತು. ಮೇಲ್ಭಾರದಿಂದ ಹಡಗು ಅತ್ತಿತ್ತ ವಾಲುವಾಗ ಬಾಯ್ಲರಿನ ನೀರು ಒಂದು ಕಡೆ ಸರಿದು ಇನ್ನೊಂದು ಕಡೆ ಒಣಗುತ್ತಿತ್ತು. ಇವೆಲ್ಲಾ ಸೇರಿ ಆದದ್ದು ಅಂತ ಬಲ್ಲವರ ಮಾತು. ಆದರೆ ವಿಕ್ಸ್‌ಬರ್ಗ್‌ನಲ್ಲಿ ನಿಲ್ಲಿಸಿ ರಿಪೇರಿ ಮಾಡಿಸಿದ್ದರೆ ಅಷ್ಟು ಜನರನ್ನು ತುಂಬಿಕೊಂಡು ಆ ರಾತ್ರಿ ಆ ಜಾಗದಲ್ಲಿ ಅದು ಇರುತ್ತಲೇ ಇರಲಿಲ್ಲ.

ಮ್ಯೂಸಿಯಂನಿಂದ ಹೊರಗೆ ಬಂದು ಕಾರಲ್ಲಿ ಕೂತಾಗ ನಾನೇ ಕೇಳಿದೆ, "ಏನ್ ಮಾಡನಪ್ಪ?"

"ನಂದೇನೈತೆ, ನಿನ್ನ ಹಡಗು" ಅಂದರು.

ಅಲ್ಲಿಂದಲೇ ಫೋನ್ ಮಾಡಿ ಹೊಸದು ತರಿಸಲು ಹೇಳಿದೆ. ನ್ಯೂ ಆರ್ಲಿಯನ್ಸ್ ಮುಂಗಡ ಮುಳುಗಿತು.

ಸುಲ್ತಾನಾದಿಂದ ನನ್ನ ವಾಲ್ವಿನ ತನಕ ಒಂದು ನೇರ ದಾರಿಯಿದೆ. 1866ರಲ್ಲಿ, ಅಂದರೆ ಮರುವರ್ಷವೇ, ಹಾರ್ಟ್‌ಫರ್ಡ್ ಊರಲ್ಲಿ ಬಾಯ್ಲರ್‌ಗಳಿಗೆ ವಿಮೆ ಮಾಡುವ ಒಂದು ಕಂಪನಿ ಹುಟ್ಟಿತು. ಮೊದಲು ತಪಾಸಣೆ, ಆಮೇಲೆ ವಿಮೆ ಅನ್ನುವುದು ಅವರ ಪದ್ಧತಿ. ಆದರೂ ಬಾಯ್ಲರ್‌ಗಳು ಸಿಡಿಯುತ್ತಲೇ ಇದ್ದವು. 1905ರ ಮಾರ್ಚ್ 20ರಂದು ಮಸಾಚುಸೆಟ್ಸ್ ರಾಜ್ಯದ ಬ್ರಾಕ್‌ಟನ್‌ನಲ್ಲಿ ಗ್ರೋವರ್ ಬೂಟು ಕಾರ್ಖಾನೆಯ ಹಳೇ ಬಾಯ್ಲರ್ ಸಿಡಿದು 58 ಜನ ಸತ್ತರು. 1907ರಲ್ಲಿ ಆ ರಾಜ್ಯ ಬಾಯ್ಲರ್ ಹೇಗಿರಬೇಕು ಅಂತ ಕಾನೂನು ಮಾಡಿತು. ಅದರ ಬೆನ್ನಿಗೆ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ 1914ರಲ್ಲಿ ತನ್ನ ಬಾಯ್ಲರ್ ನಿಯಮಾವಳಿ ತಂದಿತು. ನನ್ನ ವಾಲ್ವಿಗೆ ಕಟ್ಟಿದ್ದ ಸಣ್ಣ ತಗಡಿನ ಮೇಲೆ ಎ.ಎಸ್.ಎಂ.ಇ. ಅಂತ ನಾಲ್ಕು ಅಕ್ಷರ ಇತ್ತು. ಅದು ಆ ಸಂಘದ ಹೆಸರು. ನಮ್ಮಲ್ಲೂ 1923ರ ಬಾಯ್ಲರ್ ಕಾಯ್ದೆ ಬಂದಿತ್ತು. ಅಪ್ಪನ ಕಾಲವೆಲ್ಲಾ ಅದರಡಿಯಲ್ಲೇ ಕಳೆಯಿತು. ಬಾಯ್ಲರ್ ಇನ್ಸ್‌ಪೆಕ್ಟರ್ ಬರುವ ದಿನ ಅವರು ಹಬ್ಬದ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು ಹೋಗುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ.

ನಾಲ್ಕು ದಿನ ಅಲ್ಲೇ ಠಿಕಾಣಿ. ದೊಡ್ಡ ಪಾತ್ರೆಯಲ್ಲಿ ಒಲೆ ಮೇಲೆ ನೀರು ಕಾಯಿಸಿ ಬಕೆಟ್ಟಿಗೆ ಸುರಿದು ಸ್ನಾನ. ಟ್ರೈಲರ್ ಕಟ್ಟಿಕೊಂಡು ಊರೂರು ತಿರುಗುವವರು ಇಲ್ಲಿ ಮೊದಲಿನಿಂದಲೂ ಹಾಗೇ ಮಾಡುತ್ತಿದ್ದರಂತೆ. 1919ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಅಂಥವರು ಸೇರಿ 'ಟಿನ್ ಕ್ಯಾನ್ ಟೂರಿಸ್ಟ್ಸ್' ಅಂತ ಸಂಘ ಕಟ್ಟಿಕೊಂಡಿದ್ದರು. ಹೊರಗಿನ ನೀರು, ಕರೆಂಟಿನ ಹಂಗಿಲ್ಲದೆ ನಡೆಯುವ ಟ್ರೈಲರನ್ನು ಏರ್‌ಸ್ಟ್ರೀಮ್ ಕಂಪನಿ ತಂದದ್ದು 1957ರಲ್ಲಿ.

ಬಿಡುವಿತ್ತಲ್ಲ, ಹಳೇ ಡಬ್ಬಿ ಬಿಚ್ಚಿ ಅದು ಯಾಕೆ ತೂತಾಯಿತು ಅಂತ ನೋಡಲು ಕೂತೆವು. ತಳದಲ್ಲಿ ಒಂದು ದಪ್ಪ ಬೋಲ್ಟು. ಅದನ್ನು ಬಿಚ್ಚಿದರೆ ಹಿಂದೆಯೇ ಹೆಬ್ಬೆರಳು ದಪ್ಪದ ಕಡ್ಡಿ ಬರಬೇಕಿತ್ತು. ಬಂದದ್ದು ತುಕ್ಕು ಹಿಡಿದ ಒಂದು ತಂತಿ, ಜೊತೆಗೆ ಒಂದು ಬೊಗಸೆ ಸುಣ್ಣದ ಚಕ್ಕೆ. ಆ ಕಡ್ಡಿಗೆ ಆನೋಡ್ ರಾಡ್ ಅಂತಾರೆ. ಮೆಗ್ನೀಸಿಯಂನದು. ಅದು ಇರುವುದೇ ಸವೆದು ಸಾಯಲಿಕ್ಕೆ.

ಇದನ್ನು ಕಂಡುಹಿಡಿದದ್ದು ಹಂಫ್ರಿ ಡೇವಿ, ಗಣಿ ಕಾರ್ಮಿಕರ ದೀಪದ ಡೇವಿಯೇ. ಬ್ರಿಟಿಷ್ ನೌಕಾಪಡೆಯ ಮರದ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊದಿಸುತ್ತಿದ್ದರು, ಹುಳ ಕೊರೆಯಬಾರದು ಅಂತ. ಉಪ್ಪುನೀರು ಆ ತಾಮ್ರವನ್ನು ತಿನ್ನುತ್ತಿತ್ತು. ಏನಾದರೂ ಮಾಡಿ ಅಂತ ರಾಯಲ್ ಸೊಸೈಟಿಗೆ ಕೇಳಿಕೊಂಡರು. ತಾಮ್ರಕ್ಕೆ ಅಂಟಿಕೊಂಡಂತೆ ಒಂದು ಚೂರು ಸತು ಅಥವಾ ಕಬ್ಬಿಣ ಇಟ್ಟರೆ ಉಪ್ಪುನೀರು ಆ ಚೂರನ್ನು ತಿಂದು ತಾಮ್ರವನ್ನು ಬಿಟ್ಟುಬಿಡುತ್ತೆ ಅಂತ ಡೇವಿ 1824ರಲ್ಲಿ ತೋರಿಸಿದ. ಬಟಾಣಿ ಕಾಳಿನಷ್ಟು ಸತು ನಲವತ್ತೈವತ್ತು ಚದರ ಅಂಗುಲ ತಾಮ್ರವನ್ನು ಕಾಯುತ್ತಿತ್ತು. ಅದೇ ವರ್ಷ ಸಮರಾಂಗ್ ಅನ್ನುವ ಹಡಗಿನ ಮೇಲೆ ಪ್ರಯೋಗ. ಅಂದ ಹಾಗೆ ಆ ಹಡಗು ಕಟ್ಟಿದ್ದು ನಮ್ಮ ಪಕ್ಕದ ಕೊಚ್ಚಿಯಲ್ಲಿ, ತೇಗದ ಮರದಿಂದ, 1822ರಲ್ಲಿ ನೀರಿಗಿಳಿದದ್ದು!

ಪ್ರಯೋಗ ಗೆದ್ದಿತು, ತಾಮ್ರ ಉಳಿಯಿತು. ಆದರೆ ತಮಾಷೆ ನೋಡಿ. ತಾಮ್ರ ಕರಗುವಾಗ ಅದರ ವಿಷಕ್ಕೆ ಚಿಪ್ಪುಹುಳ, ಪಾಚಿ ಹತ್ತಿರ ಬರುತ್ತಿರಲಿಲ್ಲ. ಈಗ ಕರಗುವುದು ನಿಂತ ಮೇಲೆ ಹಡಗಿನ ತಳದಲ್ಲಿ ತೋಟವೇ ಬೆಳೆದು ವೇಗ ಬಿದ್ದುಹೋಯಿತು. ನೌಕಾಪಡೆ ಆ ಚೂರುಗಳನ್ನು ತೆಗೆಸಿಹಾಕಿತು. ಪತ್ರಿಕೆಗಳು ಡೇವಿಯನ್ನು ಗೇಲಿ ಮಾಡಿದವು. 1829ರಲ್ಲಿ ಅವನು ತೀರಿಕೊಂಡ. ನೂರು ವರ್ಷದ ಮೇಲೆ, 1928ರಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ ರಾಬರ್ಟ್ ಕುನ್ ಎಂಬ ಎಂಜಿನಿಯರ್ ಗ್ಯಾಸ್ ಪೈಪುಗಳಿಗೆ ಅದೇ ತತ್ವ ಬಳಸಿದ. ನಾನು ಹೋಗಬೇಕಿದ್ದ ಊರು. :(

ನೀರು ಕಾಯಿಸುವ ಡಬ್ಬಿಗೆ ಈ ಕಡ್ಡಿ ಬೇಕಾದದ್ದು ಯಾಕೆಂದರೆ ಅದರ ಉಕ್ಕಿನ ಒಳಮೈಗೆ ಗಾಜಿನ ಲೇಪ ಇರುತ್ತೆ. ಮಿಲ್ವಾಕಿಯ ಎ.ಓ. ಸ್ಮಿತ್ ಕಂಪನಿ 1936ರಲ್ಲಿ ತಂದ ಉಪಾಯ ಅದು. (ಇದೇ ಕಂಪನಿ 2010ರಲ್ಲಿ ಬೆಂಗಳೂರಿನ ಹತ್ತಿರ ಹಾರೋಹಳ್ಳಿಯಲ್ಲಿ ಕಾರ್ಖಾನೆ ತೆರೆಯಿತು.) ಲೇಪದಲ್ಲಿ ಎಷ್ಟೇ ಹುಷಾರಾಗಿದ್ದರೂ ಸೂಜಿಮೊನೆಯಷ್ಟು ಬಿರುಕು ಇದ್ದೇ ಇರುತ್ತೆ. ಅಲ್ಲಿ ಉಕ್ಕಿನ ಬದಲು ಕಡ್ಡಿ ಸವೆಯುತ್ತೆ. ಕಡ್ಡಿ ಮುಗಿದ ಮೇಲೆ ಉಕ್ಕಿನ ಸರದಿ. ನಮ್ಮ ಡಬ್ಬಿಯಲ್ಲಿ ಅದು ಎಷ್ಟೋ ಕಾಲದ ಹಿಂದೆಯೇ ಮುಗಿದಿತ್ತು. ಹತ್ತಿಪ್ಪತ್ತು ಡಾಲರಿನ ಕಡ್ಡಿ, ವರ್ಷಕ್ಕೊಮ್ಮೆ ಬಿಚ್ಚಿ ನೋಡಿದ್ದರೆ ಸಾಕಿತ್ತು. ಇನ್ನು ವೆಲ್ಡಿಂಗ್ ಮಾಡಿಸಿದ್ದರೆ ಆ ಕಾವಿಗೆ ಸುತ್ತಲಿನ ಗಾಜಿನ ಲೇಪ ಸಿಡಿದು, ತೇಪೆಯ ಪಕ್ಕದಲ್ಲೇ ಮತ್ತೊಂದು ತೂತು ಬೀಳುತ್ತಿತ್ತು.

ಐದನೇ ದಿನ ಹೊಸದು ಬಂತು. ಕೂರಿಸಲು ಅರ್ಧ ದಿನ. ಹಳೆಯದರ ತಿರುಪು ಬಿಚ್ಚಿ, ಗ್ಯಾಸಿನ ಪೈಪು, ಎರಡು ನೀರಿನ ಪೈಪು, ನಾಲ್ಕು ವೈರು ಕಳಚಿ, ಗೋಡೆಯ ಚೌಕಕ್ಕೆ ಹೊಸ ಅಂಟುಪಟ್ಟಿ ಒತ್ತಿ, ಒಳಕ್ಕೆ ತಳ್ಳಿ ಮತ್ತೆ ಜೋಡಿಸಿದ್ದು. ಗ್ಯಾಸಿನ ಜೋಡಣೆಗೆ ಅಪ್ಪ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತಾ ಅಂತ ಕನ್ನಡಕ ಏರಿಸಿ ಮೂರು ಸಲ ನೋಡಿದರು. ಡಬ್ಬಿ ತುಂಬಿ ನಲ್ಲಿಯಲ್ಲಿ ಗಾಳಿ ಬರುವುದು ನಿಂತು ನೀರು ಬಂದ ಮೇಲೆಯೇ ಉರಿ ಹಚ್ಚಬೇಕು. ಖಾಲಿ ಡಬ್ಬಿಗೆ ಬೆಂಕಿ ಕೊಟ್ಟರೆ ಹೊಸದೂ ಹೋಯಿತು. ಉರಿ ಹಚ್ಚುವ ಮುಂಚೆ ಅಪ್ಪ ವಾಲ್ವಿನ ಹಿಡಿ ಎತ್ತಿದರು. ತಣ್ಣೀರು ಫುಸ್ಸೆಂದು ಅವರ ಲುಂಗಿಗೇ ಹಾರಿತು. "ಹ್ಞೂಂ, ಉಸಿರಾಡ್ತೈತೆ" ಅಂದರು.

ಅವತ್ತು ಸಂಜೆ ಆ ಮೊಣಕೈ ತಾಗುವ ಬಚ್ಚಲಿನಲ್ಲಿ 23 ಲೀಟರೂ ಮುಗಿಯುವ ತನಕ ಸ್ನಾನ ಮಾಡಿ, ಮುಖ ಕೆಂಪಗೆ ಮಾಡಿಕೊಂಡು ಹೊರಬಂದರು.

ಆ ಹಿತ್ತಾಳೆ ಬಿರಡೆ ಈಗ ಮಂಡ್ಯದಲ್ಲಿದೆ. ಕಟ್ಟೆ ಮೇಲೆ ಕೂರುವ ಹಳೇ ಸಹೋದ್ಯೋಗಿಗಳಿಗೆ ತೋರಿಸಲು ಅಂತ ಜೇಬಿಗೆ ಹಾಕಿಕೊಂಡು ಹೋದರು. ಮೊಮ್ಮಕ್ಕಳನ್ನು ಕರೆದುಕೊಂಡು ಎಲ್ಲಿಗಾದರೂ ಹೊರಟಿದ್ದೇವೆ ಅಂತ ಫೋನಿನಲ್ಲಿ ಹೇಳಿದರೆ ಸಾಕು, ಊಟ ಆಯ್ತಾ ಅಂತ ಕೇಳುವುದಕ್ಕೂ ಮುಂಚೆ ಕೇಳುತ್ತಾರೆ, "ವಾಲ್ವ್ ಎಳ್ದು ನೋಡ್ದ್ಯಾ?"